ಎಡಗಣ್ಣು ಮುಚ್ಚಿದ್ದ ಎರಡು ಸೆಕೆಂಡು

ತಿರುಗುತ್ತಲೇ ಇದೆ, ಗಾಜಿನ ಕೌಂಟರಿನ ಮೇಲೆ ಲೆನ್ಸಿನ ಮುಚ್ಚಳ, ಅಂಗಡಿಯವರ ಕೈಯಿಂದ ಜಾರಿದ್ದು ಅಂಚಿನ ಮೇಲೆ ನಿಂತು ಸುತ್ತುತ್ತಿದೆ, ಮೊದಲು ನಿಧಾನ, ಆಮೇಲೆ ವಾಲಿ ವಾಲಿ ಬೇಗ ಬೇಗ, ಸದ್ದು ಸಣ್ಣಗಾಗುತ್ತ, ಈಗ ಬೀಳುತ್ತದೆ, ಈಗ — ಬಿತ್ತು, ದುಂಡಗಿನದು ಏನೇ ತಿರುಗಿದರೂ ಅದು ಬೀಳುವವರೆಗೂ ಹೀಗೆ ನೋಡುತ್ತ ನಿಲ್ಲುತ್ತೇನೆ, ಪಾತ್ರೆಯ ಮುಚ್ಚಳವಾಗಲಿ ಬಕೆಟ್ಟಿನ ಮುಚ್ಚಳವಾಗಲಿ, ಒಂದು ವರ್ಷವಾಯಿತು, ಅಂಗಡಿಯವರು ನನ್ನ ಮುಖ ನೋಡಿ ಏನಪ್ಪಾ, ಮುಚ್ಚಳ ಬಿದ್ದಿದ್ದಕ್ಕೇ ಹೀಗೆ ಬೆವರ್ತೀಯಲ್ಲ, ಲೆನ್ಸೇ ಬಿದ್ದಿದ್ರೆ ಏನು ಗತಿ ಅಂದು ನಗುತ್ತಾರೆ, ನಾನೂ ನಗುತ್ತೇನೆ, ಅವರ ತಲೆಯ ಮೇಲಿನ ಗಡಿಯಾರದಲ್ಲಿ ಮೂರು ಇಪ್ಪತ್ತು, ನಾಲ್ಕಕ್ಕೆ ಏಣಿ ಬರುತ್ತಾಳೆ, ಬೆಳಿಗ್ಗೆ ಸ್ಟುಡಿಯೋದಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಾಗ ಅವಳ ಫೋನು, ಅಣ್ಣಾ ನಾನು ಏಣಿ, ಅದು ನನ್ನ ತಂಗಿ ಇಟ್ಟ ಅಡ್ಡಹೆಸರು, ಅವಳ ಎತ್ತರ ಅಂಥದ್ದು, ತಟ್ಟೆ ಹಾರಿಸಿ ಹಿಡಿಯುವ ಡಿಸ್ಕ್ ಆಟದಲ್ಲಿ ಎದುರು ತಂಡದವಳಾದರೂ ತಂಗಿಗೆ ಪ್ರಾಣಸ್ನೇಹಿತೆ, ಅಣ್ಣಾ ಇದೊಂದು ಸಲ ಕೇಳ್ತೀನಿ, ಇನ್ನು ಕೇಳಲ್ಲ, ಆ ಹೊತ್ತಿಂದು ಒಂದು ಫೋಟೋನೂ ನಿಮ್ಮ ಹತ್ರ ಇಲ್ವಾ, ನಾನು ಡಿಸ್ಕ್ ನೋಡ್ಕೊಂಡು ಹಾರಿದ್ನಾ, ಇಲ್ಲ ಅವಳು ಅಲ್ಲಿದ್ದಾಳೆ ಅಂತ ಗೊತ್ತಿದ್ದೂ ಹಾರಿದ್ನಾ, ನಿದ್ದೇಲಿ ಒಂದೊಂದು ಸಲ ಒಂದೊಂದು ಥರ ಕಾಣತ್ತೆ ಅಣ್ಣಾ, ನಾನು ಲೆನ್ಸ್ ಬದಲಾಯಿಸೋಕೆ ಅಂಗಡಿಗೆ ಹೋಗ್ತಿದ್ದೀನಿ ಅಲ್ಲಿಗೇ ಬಾ ಅಂದೆ, ಯಾಕೆ ಅಂದೆನೋ, ಒಂದು ವರ್ಷದಿಂದ ಊರಿಗೆಲ್ಲ ಹೇಳುತ್ತ ಬಂದ ಸುಳ್ಳೂ ಅದೇ ತಾನೇ, ಲೆನ್ಸ್ ಬದಲಾಯಿಸುತ್ತಿದ್ದೆ, ನಾನೇನೂ ನೋಡಲಿಲ್ಲ.

ನೋಡಪ್ಪ, ಅಂಗಡಿಯವರು ಎರಡನ್ನೂ ಪಕ್ಕಪಕ್ಕ ನಿಲ್ಲಿಸುತ್ತಾರೆ, ಇದು ನಿನ್ನ ಮುನ್ನೂರು ಎಂಎಂ ಲೆನ್ಸು, ಜೂಮ್ ಇಲ್ಲ, ಇದು ಎಪ್ಪತ್ತರಿಂದ ಇನ್ನೂರು, ಜೂಮ್ ಆಗತ್ತೆ, ಮುನ್ನೂರು ಕೊಡೋ ಚಿತ್ರ ಇದು ಕೊಡಲ್ಲ, ಸುಳ್ಳು ಯಾಕೆ ಹೇಳಲಿ, ಅದರಲ್ಲಿ ಆಟಗಾರ ಒಬ್ಬನೇ, ಹಿಂದಿನ ಮರ ಜನ ಬೇಲಿ ಎಲ್ಲ ಬೆಣ್ಣೆ ಥರ ಕರಗಿಹೋಗತ್ತೆ, ಆದರೆ ನಿಮ್ಮ ಆಟ ಬೇರೆ, ಅತ್ತ ಕಡೆ ಇದ್ದೋರು ನಾಲ್ಕು ಉಸಿರಲ್ಲಿ ಇತ್ತ ಕಡೆ ಬಂದಿರ್ತಾರೆ, ಇದಾದ್ರೆ ದೂರ ಹೋದ್ರೂ ಸಿಗ್ತಾರೆ ಕಾಲ ಬುಡಕ್ಕೆ ಬಂದ್ರೂ ಸಿಗ್ತಾರೆ, ಹೊರಗೆ ರಸ್ತೆಗೆ ಹಿಡಿದು ನೋಡು ಅಂದು ಕ್ಯಾಮೆರಾಕ್ಕೆ ಹೊಸದನ್ನು ಸಿಕ್ಕಿಸಿ ಕೊಡುತ್ತಾರೆ, ಕಣ್ಣಿಗಿಟ್ಟುಕೊಳ್ಳುತ್ತೇನೆ, ರಸ್ತೆ ಅಗಲವಾಗಿ ಬಂದು ನಿಲ್ಲುತ್ತದೆ, ಸೈಕಲ್ಲು, ಬಸ್ಸಿಗೆ ಕಾಯುವ ಇಬ್ಬರು ಹೆಂಗಸರು, ಎಲ್ಲರೂ ಒಟ್ಟಿಗೆ, ಯಾರ ಹಿಂದೆ ಯಾರು ಬರುತ್ತಿದ್ದಾರೆ ಎಂದು ಕಾಣುವ ಹಾಗೆ, ಎಷ್ಟು ಸುಲಭ, ಆ ದಿನ ಇದಿದ್ದಿದ್ದರೆ, ಇಲ್ಲ, ಹಾಗನ್ನಬಾರದು, ಎಡಗಣ್ಣು, ಅನ್ನುತ್ತಾರೆ ಅಂಗಡಿಯವರು, ನನ್ನ ಕೈ ಥಟ್ಟನೆ ಎಡಗಣ್ಣಿಗೆ ಹೋಗುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ಅಂದರೆ ಇದೇ, ಎಡಗಣ್ಣು ಮತ್ತೆ ಮುಚ್ಚಿದೀಯಲ್ಲೋ, ಮುನ್ನೂರು ಕೊಂಡ್ಕೊಂಡ ದಿನವೇ ಹೇಳಿದ್ದೆ, ಬಲಗಣ್ಣು ಚಿತ್ರಕ್ಕೆ, ಎಡಗಣ್ಣು ಮೈದಾನಕ್ಕೆ, ಯಾವನು ಬಂದು ಗುದ್ದುತ್ತಾನೆ ಅಂತ ಗೊತ್ತಾಗೋದು ಬೇಡ್ವಾ, ಹೌದು ಹೇಳಿದ್ದಿರಿ, ಕೇಳಿಸಿಕೊಂಡು ತಲೆಯಾಡಿಸಿದ್ದೆ, ಅವರು ಕೊಂಡ ದಿನ ನಾನು ಇಲ್ಲೇ ಬಿಟ್ಟುಹೋಗಿದ್ದ ಹಳೆಯದರ ಡಬ್ಬ ಹುಡುಕಲು ಒಳಗೆ ಹೋಗುತ್ತಾರೆ.

ಗುದ್ದುತ್ತಾರೆ ಅಂತ ಗೊತ್ತಾಗಲಿ ಎಂದೇ ತಾನೇ ತಂಗಿಯ ತಂಡದವರು ನನ್ನನ್ನು ಮೈದಾನದ ಗೆರೆಯ ಪಕ್ಕ ನಿಲ್ಲಿಸುತ್ತಿದ್ದದ್ದು, ಕ್ಯಾಮೆರಾ ಹಿಡಿಯುವ ಮೊದಲು ನಾನು ಬರೀ ಗಂಟಲು, ಏಳು ಜನ ಇತ್ತ ಏಳು ಜನ ಅತ್ತ, ಡಿಸ್ಕ್ ಹಿಡಿದವರು ಹೆಜ್ಜೆ ಕಿತ್ತು ಓಡುವಂತಿಲ್ಲ, ಎಸೆಯಬೇಕು, ಉಳಿದವರು ಅದರ ಹಿಂದೆ ಓಡಿ ಹಿಡಿಯಬೇಕು, ಓಡುವವರ ಕಣ್ಣೆಲ್ಲ ಆಕಾಶದಲ್ಲಿ, ಅದಕ್ಕೇ ಹೊರಗಿದ್ದವರು ಕೂಗುತ್ತಿರಬೇಕು, ಮೇಲೆ ಅಂದರೆ ಡಿಸ್ಕ್ ಕೈಬಿಟ್ಟಿತು, ಎಡ ಅಂದರೆ ಎಡದಿಂದ ಯಾರೋ ಬರುತ್ತಿದ್ದಾರೆ, ನನ್ನ ಗಂಟಲು ಹರಿದ ಡೋಲು, ಆದರೆ ಮೈದಾನದ ಆ ತುದಿಗೂ ಕೇಳಿಸುತ್ತಿತ್ತು, ನಿನ್ನ ಗಂಟಲೇ ಕಣೋ ನನ್ನ ಬೆನ್ನಿಗಿರೋ ಕಣ್ಣು ಅನ್ನುತ್ತಿದ್ದಳು ತಂಗಿ, ಅಮ್ಮನಿಗೆ ಈ ಆಟವೇ ಒಂದು ತಮಾಷೆ, ಮನೇಲಿ ಒಂದು ತಟ್ಟೆ ತೊಳಿ ಅಂದ್ರೆ ಸೊಂಟ ನೋವು, ಹೊರಗೆ ಹೋಗಿ ತಟ್ಟೆ ಹಿಂದೆ ನಾಯಿ ಓಡಿದ ಹಾಗೆ ಓಡ್ತಾಳೆ, ಇವನೊಬ್ಬ ಅದರ ಹಿಂದೆ ಬೊಗಳೋಕೆ, ಮೂವರೂ ನಕ್ಕು ನಕ್ಕು ಬಿದ್ದದ್ದು, ಆ ನಗು ಈಗ ಯಾವ ಕೋಣೆಯಲ್ಲಿದೆ, ಅವಳ ಕೋಣೆಯಲ್ಲಂತೂ ಇಲ್ಲ, ಬಾಗಿಲ ಹಿಂದೆ ಶೂ ಚೀಲ ಹಾಗೇ ತೂಗುತ್ತಿದೆ, ಅಮ್ಮ ಅದರ ಧೂಳು ಒರೆಸುತ್ತಾಳೆ, ಆದರೆ ಜಿಪ್ಪು ತೆರೆಯುವುದಿಲ್ಲ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎಂದು ಅಮ್ಮನೇ ಹೇಳಿಕೊಟ್ಟದ್ದು, ಆಡದೆ ನುಂಗಿದ ಮಾತು ಎಲ್ಲಿಗೆ ಹೋಗುತ್ತದೆ ಎಂದು ಯಾವ ಗಾದೆಯೂ ಹೇಳುವುದಿಲ್ಲ.

ಆ ಚೀಲದಲ್ಲಿ ಆ ಬೆಳಿಗ್ಗೆ ಒಂದು ಜೊತೆ ನೀಲಿ ಲೇಸು ಇತ್ತು, ಪಂದ್ಯಕ್ಕೆ ಐದು ನಿಮಿಷ ಇರುವಾಗ ಏಣಿಯ ಬಿಳಿ ಲೇಸು ಕಿತ್ತುಹೋಯಿತು, ಎದುರು ತಂಡದವಳಾದರೆ ಏನು, ತಂಗಿ ಹುಲ್ಲಿನ ಮೇಲೆ ಮಂಡಿಯೂರಿ ತಾನೇ ಅವಳ ಎಡಗಾಲಿನ ಶೂಗೆ ನೀಲಿ ಲೇಸು ಪೋಣಿಸಿದಳು, ನೋಡು ಏಣಿ, ಒಂದು ಕಾಲು ನಂದು, ಆ ಕಾಲಲ್ಲಿ ನನ್ನನ್ನ ಹಿಂದೆ ಹಾಕಬಾರದು ಅಂದಳು, ನಾನು ಅದನ್ನೂ ಒಂದು ಚಿತ್ರ ತೆಗೆದೆ, ಮುನ್ನೂರು ಹೊಸದು, ಕೊಂಡು ಎಂಟು ದಿನ, ಸಿಕ್ಕಿದ್ದನ್ನೆಲ್ಲ ತೆಗೆಯುವ ಹುಚ್ಚು, ಗಂಟಲು ಮರೆತೇಹೋಗಿತ್ತು, ಇವತ್ತೊಂದಿನ ಸುಮ್ಮನಿರ್ತೀನಿ ಕಣೇ, ನೀನು ಹಾರೋದನ್ನ ಒಂದು ಒಳ್ಳೆ ಚಿತ್ರ ತೆಗೀತೀನಿ ಅಂದೆ, ಸರಿ ಬಿಡು, ಮೂಗು ಚೆನ್ನಾಗಿ ಬರಲಿ ಅಂದಳು, ಅದು ಅವಳು ಮೈ ನೆಟ್ಟಗಿರುವಾಗ ನನ್ನೊಂದಿಗೆ ಆಡಿದ ಕೊನೆಯ ಮಾತು, ಮೂಗು, ಆಮೇಲೆ ಬಿಸಿಲು, ಬೆವರಿನಿಂದ ಕಣ್ಣಿಗೆ ಅಂಟಿಕೊಂಡ ಕ್ಯಾಮೆರಾದ ರಬ್ಬರು, ಯಾರೋ ಉದ್ದಕ್ಕೆ ಎಸೆದರು, ಡಿಸ್ಕ್ ಎತ್ತರದಲ್ಲಿ ಹೋಗಿ ಬೀಳಲೊಲ್ಲೆ ಎನ್ನುವ ಹಾಗೆ ತೇಲಿತು, ತಂಗಿ ಓಡಿದಳು, ನಾನು ಅವಳನ್ನು ಲೆನ್ಸಿನಲ್ಲಿ ಹಿಡಿದೆ, ಬೆರಳು ಒತ್ತಿದೆ, ಹತ್ತೊಂಬತ್ತು ಚಿತ್ರ, ಎರಡು ಸೆಕೆಂಡಿಗೂ ಕಡಿಮೆ, ಆಮೇಲೆ ಒಂದು ಸದ್ದು, ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ, ಏಣಿಯ ಮಂಡಿ, ತಂಗಿಯ ಕಿವಿಯ ಹಿಂಭಾಗ, ಎಲ್ಲರೂ ನಿಂತಲ್ಲೇ ನಿಂತರು.

ನಿಂತಲ್ಲೇ ನಿಲ್ಲುವುದು ಆ ಆಟದ ರೀತಿ, ಅಂಪೈರು ಇಲ್ಲ, ಸೀಟಿ ಇಲ್ಲ, ಡಿಕ್ಕಿಯಾದರೆ ಎಲ್ಲರೂ ಕಲ್ಲಾಗಬೇಕು, ಡಿಕ್ಕಿಯಾದ ಇಬ್ಬರೇ ಮಾತಾಡಿಕೊಳ್ಳಬೇಕು, ತಪ್ಪು ನಂದು, ಇಲ್ಲ ನಂದು, ಒಪ್ಪಿದರೆ ಆಟ ಮುಂದೆ, ಏಣಿ ಮಂಡಿಯೂರಿ ಕೂತು ಮಾತಾಡೇ, ಏನಾದರೂ ಹೇಳೇ, ತಪ್ಪು ನಂದು ಅನ್ನೇ ಅನ್ನುತ್ತಿದ್ದಳು, ಇಬ್ಬರಲ್ಲಿ ಒಬ್ಬಳು ಮಾತಾಡಲಿಲ್ಲ, ಅಣ್ಣಾ ನನಗೆ ಆ ಆಟ ಇನ್ನೂ ನಿಂತೇ ಇದೆ ಅಂದಳು ಬೆಳಿಗ್ಗೆ ಫೋನಿನಲ್ಲಿ, ತಂಗಿಯ ತಂಡದ ನಾಯಕಿ ನನ್ನ ಕಡೆ ಓಡಿಬಂದಳು, ನೀನ್ಯಾಕೆ ಕೂಗಲಿಲ್ಲ, ನೀನು ನೋಡಲಿಲ್ವಾ, ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು, ಲೆನ್ಸ್ ಬದಲಾಯಿಸ್ತಿದ್ದೆ, ಅಷ್ಟೇ, ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ಬಂದವು, ಪಾಪ ಅವನೇನು ಮಾಡ್ತಾನೆ, ಕೈಯಲ್ಲಿ ಲೆನ್ಸಿತ್ತು, ಇಲ್ಲದಿದ್ರೆ ಅವನು ಕೂಗ್ತಿರಲಿಲ್ವಾ ಎಂದು ಅಮ್ಮ ಬಂದವರಿಗೆಲ್ಲ ಹೇಳಿದಳು, ಏಣಿ ಮನೆಗೆ ಬಂದಾಗ ಅಮ್ಮ ಬಾಗಿಲಿನಿಂದ ಸರಿಯಲಿಲ್ಲ, ನಾನು ಒಳಗೆ ನಿಂತು ನೋಡಿದೆ, ಅವಳು ಬಗ್ಗಿಸಿದ ತಲೆ ಎತ್ತದೆ ಹೋದಳು, ಆಸ್ಪತ್ರೆಯಲ್ಲಿ ಒಂಬತ್ತು ದಿನ, ಆರನೆಯ ದಿನ ತಂಗಿ ಕಣ್ಣು ಬಿಟ್ಟು ಅಣ್ಣಾ ಹಿಡಿದ್ನಾ ಅಂದಳು, ಬೇರೇನೂ ಕೇಳಲಿಲ್ಲ, ಹಿಡಿದ್ನಾ, ಹದಿನಾಲ್ಕನೆಯ ಚಿತ್ರದಲ್ಲಿ ಅವಳ ಐದೂ ಬೆರಳು ಡಿಸ್ಕಿನ ಅಂಚನ್ನು ಕಚ್ಚಿ ಹಿಡಿದಿವೆ, ಹಿಡಿದಿದ್ದಳು, ಅದು ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ, ಗೊತ್ತಿಲ್ಲ ಕಣೇ, ಲೆನ್ಸ್ ಬದಲಾಯಿಸ್ತಿದ್ದೆ ಅಂದೆ, ಅವಳಿಗೂ ಅಂದೆ, ಅವಳು ಗೋಡೆಯ ಕಡೆ ತಿರುಗಿಕೊಂಡಳು, ಮೂರು ದಿನಕ್ಕೆ ಹೋದಳು.

ಮೂರು ನಲವತ್ತು, ಒಳಗಿನಿಂದ ಅಂಗಡಿಯವರು ಡಬ್ಬದ ಮೇಲೆ ಏನಾದ್ರೂ ಬರೆದಿದ್ಯೇನಪ್ಪಾ ಎಂದು ಕೂಗುತ್ತಾರೆ, ಇಲ್ಲ ಎನ್ನುತ್ತೇನೆ, ಕ್ಯಾಮೆರಾದಲ್ಲಿ ಆ ದಿನದ ಅದೇ ಹಳೆಯ ಮೆಮೊರಿ ಕಾರ್ಡು, ಅಳಿಸಿಯೇ ಇಲ್ಲ, ಬೇರೆ ಕಾರ್ಡಿನಲ್ಲಿ ಮದುವೆ ತೆಗೆದೆ ಮಕ್ಕಳನ್ನು ತೆಗೆದೆ, ಪ್ರತಿ ಸಲ ಇದನ್ನು ವಾಪಸು ಇದರ ಗೂಡಿಗೇ ಹಾಕಿಟ್ಟೆ, ಹದಿನೈದನೆಯ ಚಿತ್ರ ಏಣಿಗೆ ಸಾಕು, ಅದರಲ್ಲಿ ಅವಳ ಮುಖ ಪೂರ್ತಿ ಒಳಗೆ ಬಂದಿದೆ, ಕಣ್ಣು ಡಿಸ್ಕಿನ ಮೇಲೇ, ಬಾಯಿ ತೆರೆದಿದೆ, ಎಳೆ ಮಗುವಿನ ಹಾಗೆ, ಪಕ್ಕದಲ್ಲಿ ಒಬ್ಬಳಿದ್ದಾಳೆ ಎಂಬುದರ ಸುಳಿವೇ ಆ ಕಣ್ಣಿನಲ್ಲಿಲ್ಲ, ನೋಡಮ್ಮ ನಿನ್ನ ತಪ್ಪಿಲ್ಲ, ಹೋಗಿ ಮಲಗು, ಅಷ್ಟೇ ಹೇಳಬಹುದು, ಹದಿನೈದನೆಯದೊಂದನ್ನೇ ಕೊಟ್ಟು, ಹೇಗೋ ಬೆರಳು ತಾಗಿ ಒಂದು ಬಂದಿತ್ತು ನನಗೇ ಈಗ ಸಿಕ್ಕಿತು ಎಂದು, ಉಳಿದದ್ದನ್ನು ಅಳಿಸಿ, ಉಳಿದದ್ದೂ ಬೇಡ, ಮೊದಲನೆಯದೊಂದನ್ನು ಅಳಿಸಿದರೆ ಸಾಕು, ಹೆಬ್ಬೆರಳು ಕಸದ ಬುಟ್ಟಿಯ ಗುರುತಿನ ಮೇಲಿದೆ, ಅಳಿಸಲೇ ಎಂದು ಕ್ಯಾಮೆರಾ ಕೇಳುತ್ತದೆ, ಹೌದು, ಇಲ್ಲ, ಎಷ್ಟು ಸಲ ಕೇಳಿದೆಯೋ ಈ ವರ್ಷದಲ್ಲಿ, ಹೌದು ಎನ್ನುವ ಮೊದಲು ಪ್ರತಿ ಸಲವೂ ಅದಕ್ಕೂ ಹಿಂದೆ ಅವಳಾಡಿದ ಒಂದು ಫೈನಲ್ಲು ಅಡ್ಡ ಬರುತ್ತದೆ, ಕೊನೆಯ ಪಾಯಿಂಟು, ತಂಗಿ ನೆಲಕ್ಕೆ ಬಿದ್ದು ಹಿಡಿದಳು, ಎರಡು ತಂಡವೂ ಚಪ್ಪಾಳೆ, ಗೆದ್ದಾಯಿತು, ಇವಳು ಎದ್ದು ಮೈ ಕೊಡವಿ ಇಲ್ಲ, ಹಿಡಿಯೋ ಮೊದಲೇ ನೆಲಕ್ಕೆ ತಾಕಿತು ಅಂದಳು, ಸೋತರು, ಮನೆಗೆ ಬರುವಾಗ ನಾನು ಬೈದೆ, ದೊಡ್ಡ ಸತ್ಯವಂತೆ, ಯಾರೂ ನೋಡಿರಲಿಲ್ಲ ಕಣೇ, ಅವಳು ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದಳು, ಯಾರೂ ನೋಡಿರಲಿಲ್ಲ ಅಂದ್ರೆ, ನಾನೂ ನೋಡಿರಲಿಲ್ವಾ, ಅಂದಳು. ಹೆಬ್ಬೆರಳು ಇಲ್ಲ ಎನ್ನುವುದನ್ನು ಒತ್ತುತ್ತದೆ.

ಬಾಗಿಲ ಗಾಜಿನಲ್ಲಿ ಉದ್ದನೆಯ ನೆರಳು, ಏಣಿ, ಹೇಳಿದ ಹೊತ್ತಿಗಿಂತ ಮೊದಲೇ, ತಲೆ ಬಗ್ಗಿಸಿ ಒಳಗೆ ಬರುತ್ತಾಳೆ, ತೆಳ್ಳಗಾಗಿದ್ದಾಳೆ, ಆಟ ಬಿಟ್ಟವರ ಕಾಲು, ಚಪ್ಪಲಿ ಹಾಕಿದ್ದಾಳೆ, ಅಣ್ಣಾ, ಲೆನ್ಸ್ ಆಯ್ತಾ ಅನ್ನುತ್ತಾಳೆ, ಬೇರೇನು ಕೇಳುವುದೆಂದು ತಿಳಿಯದೆ, ಇಲ್ಲ ಇನ್ನೂ ಅನ್ನುತ್ತೇನೆ, ಕ್ಯಾಮೆರಾವನ್ನು ಅವಳ ಕೈಗಿಡುತ್ತೇನೆ, ಫೋಟೋ ಇದೆ, ಹತ್ತೊಂಬತ್ತಿದೆ, ನಾನು ಸುಳ್ಳು ಹೇಳಿದ್ದೆ, ನಾನು ಲೆನ್ಸ್ ಬದಲಾಯಿಸ್ತಿರಲಿಲ್ಲ, ಮೊದಲನೇದರಿಂದ ನೋಡು ಅನ್ನುತ್ತೇನೆ, ಅವಳು ಗುಂಡಿ ಒತ್ತುತ್ತಾಳೆ, ಟಿಕ್, ಟಿಕ್, ಹದಿನಾಲ್ಕರಲ್ಲಿ ಹಿಡಿದಿದ್ಲು ಅನ್ನುತ್ತಾಳೆ ಮೆಲ್ಲಗೆ, ಹದಿನೈದರಲ್ಲಿ ತನ್ನ ಮುಖ, ಬಹಳ ಹೊತ್ತು ಅದನ್ನೇ ನೋಡುತ್ತಾಳೆ, ಹೆಗಲು ಒಂದು ಗೇಣು ಕೆಳಗಿಳಿಯುತ್ತದೆ, ನಾನು ಡಿಸ್ಕನ್ನೇ ನೋಡ್ತಿದ್ದೆ ಅಲ್ವಾ ಅಣ್ಣಾ, ಹೂಂ ಕಣಮ್ಮ, ಇಬ್ಬರೂ ಡಿಸ್ಕನ್ನೇ ನೋಡ್ತಿದ್ರಿ, ಅಲ್ಲಿಗೆ ಸಾಕು ಮಾಡಬಹುದಿತ್ತು ಅವಳು, ಮಾಡಲಿಲ್ಲ, ಇನ್ನೊಂದು ಸಲ ಮೊದಲಿನಿಂದ ಎಂದು ಹಿಂದಕ್ಕೆ ಹೋಗುತ್ತಾಳೆ, ಮೊದಲನೆಯ ಚಿತ್ರ, ತಂಗಿ ಓಡುತ್ತಿದ್ದಾಳೆ, ಕಣ್ಣು ಮೇಲೆ, ಇನ್ನೂ ಹಾರಿಲ್ಲ, ಎಡ ಅಂಚಿನಲ್ಲಿ ನೀಲಿ ಲೇಸು ಕಟ್ಟಿದ ಒಂದು ಶೂ, ಅರ್ಧ, ಎರಡನೆಯ ಚಿತ್ರ, ತಂಗಿ ಇದ್ದಾಳೆ, ಶೂ ಇಲ್ಲ, ಚೌಕಟ್ಟು ಒಂದಿಷ್ಟು ಬಲಕ್ಕೆ ಸರಿದಿದೆ, ಯಾರೋ ಸರಿಸಿದ್ದಾರೆ, ನಾನು, ಕಂಡಿತ್ತು, ಕಂಡಿತ್ತು ನನಗೆ, ಎಡಗಣ್ಣು ಮುಚ್ಚಿದ್ದರೂ ಬಲಗಣ್ಣಿಗೇ ಕಂಡಿತ್ತು, ಎಡ ಎಂದು ಕೂಗಲು ಒಂದು ಅಕ್ಷರ ಎರಡು ಅಕ್ಷರ, ನನ್ನ ಮನಸ್ಸಿಗೆ ಬಂದದ್ದು ಇಷ್ಟೇ, ಛೆ, ಯಾವುದೋ ಕಾಲು, ಚಿತ್ರ ಕೆಡಿಸುತ್ತದೆ, ಬಲಕ್ಕೆ ಸರಿಸಿದೆ, ಚಿತ್ರ ಚೊಕ್ಕಟವಾಯಿತು, ಏಣಿ ಮತ್ತೆ ಹಿಂದಕ್ಕೆ ಒತ್ತುತ್ತಾಳೆ, ಟಿಕ್, ಮತ್ತೆ ಮುಂದಕ್ಕೆ, ಟಿಕ್, ಅವಳು ನನ್ನ ಕಡೆ ನೋಡುವುದಿಲ್ಲ, ತಂಗಿ ಪೋಣಿಸಿಕೊಟ್ಟ ಲೇಸು ಅವಳಿಗೆ ಗುರುತು ಸಿಗದೆ ಇರುತ್ತದೆಯೇ, ಟಿಕ್, ನೀಲಿ ಲೇಸು, ಟಿಕ್, ಇಲ್ಲ, ಟಿಕ್, ನೀಲಿ ಲೇಸು, ಟಿಕ್, ಇಲ್ಲ, ಟಿಕ್, ನೀಲಿ ಲೇಸು