ಗೀಟು ಹೊಡೆದ ಉತ್ತರ

ಹತ್ತನೇ ತರಗತಿಯ ಪರೀಕ್ಷೆಗೆ ಇನ್ನೂ ಮೂರು ವಾರ ಇರುವಾಗಲೇ ನಮ್ಮ ಶಾಲೆಯ ಗೇಟಿಗೆ ಕಟ್ಟುವ ಫ್ಲೆಕ್ಸ್ ಅಚ್ಚಾಗಿ ಬಂದಿತ್ತು. ‘ಸತತ ಹತ್ತನೇ ವರ್ಷ ನೂರಕ್ಕೆ ನೂರು’ ಎಂದು ಕೆಂಪಕ್ಷರ, ಕೆಳಗೆ ಮಕ್ಕಳ ಫೋಟೊ ಅಂಟಿಸಲು ಖಾಲಿ ಚೌಕಗಳು. ಹೆಡ್‌ಮಾಷ್ ದಿವಾಕರನ್ ಅದನ್ನು ಸುರುಳಿ ಸುತ್ತಿ ತಮ್ಮ ಬೀರುವಿನ ಮೇಲೆ ಇಟ್ಟುಕೊಂಡಿದ್ದರು. ಮಕ್ಕಳು ಪ್ರಶ್ನೆಪತ್ರಿಕೆಯನ್ನೇ ನೋಡಿಲ್ಲ, ಇವರಿಗೆ ಫಲಿತಾಂಶ ಗೊತ್ತು. ಹೇಗೆ ಗೊತ್ತು ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಆ ಸುರುಳಿ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಾನು ವಿಲಾಸಿನಿ, ಈ ಶಾಲೆಯಲ್ಲಿ ವಿಶೇಷ ಮಕ್ಕಳ ಟೀಚರ್. ವಿಶೇಷ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಮಧ್ಯಾಹ್ನದ ಊಟದ ಅಕ್ಕಿಮೂಟೆ ಇಡುವ ಕೋಣೆಯಲ್ಲಿ ಅರ್ಧ ನನಗೆ, ಅರ್ಧ ಅಕ್ಕಿಗೆ. ಕೆಲಸ ಗುತ್ತಿಗೆಯದು. ಪ್ರತಿ ಜೂನ್‌ನಲ್ಲಿ ಹೆಡ್‌ಮಾಷ್ ಒಂದು ಒಳ್ಳೆಯ ವರದಿ ಬರೆದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹದಿನಾಲ್ಕು ಜೂನ್‌ಗಳನ್ನು ಬಾಯಿ ಮುಚ್ಚಿಕೊಂಡು ದಾಟಿದವಳು ನಾನು.

ಆ ದಿನ ಮಾಡೆಲ್ ಪರೀಕ್ಷೆಯ ಸಮಾಜ ವಿಜ್ಞಾನದ ಪತ್ರಿಕೆ ವಾಪಸ್ ಬಂದಿತ್ತು. ಸುಹೈಲಾ ತನ್ನ ಗಾಲಿಕುರ್ಚಿಯಲ್ಲಿ ಅಕ್ಕಿಮೂಟೆಗಳ ಪಕ್ಕ ಕೂತಿದ್ದಳು. ಹುಟ್ಟುವಾಗ ಉಸಿರು ಸಿಕ್ಕದೆ ಮೆದುಳಿಗೆ ಪೆಟ್ಟು ಬಿದ್ದ ಹುಡುಗಿ. ಕಾಲು ನಿಲ್ಲದು, ಬಲಗೈ ಸೆಟೆದುಕೊಂಡಿದೆ, ಎಡಗೈ ಹೇಳಿದ್ದು ಸ್ವಲ್ಪ ಕೇಳುತ್ತದೆ. ಮಾತು ಬರುತ್ತದೆ, ಆದರೆ ಒಂದೊಂದು ಪದವೂ ಗಂಟಲಲ್ಲಿ ಸಿಕ್ಕಿ, ಬಿಡಿಸಿಕೊಂಡು, ಆಮೇಲೆ ಹೊರಗೆ ಬರುತ್ತದೆ. ಬುದ್ಧಿಗೆ ಏನೂ ಆಗಿಲ್ಲ. ಇದನ್ನು ಈ ಶಾಲೆಯಲ್ಲಿ ನಂಬಿದವರು ನಾವಿಬ್ಬರೇ, ನಾನು ಮತ್ತು ಸುಹೈಲಾ.

ಎಂಬತ್ತಕ್ಕೆ ಎಪ್ಪತ್ತಾರು ಬಂದಿತ್ತು. ನಾನು ಪತ್ರಿಕೆ ಅವಳ ಮುಂದಿಟ್ಟರೆ ಅವಳು ಎಡಮುಷ್ಟಿಯಿಂದ ಅದಕ್ಕೆ ಗುದ್ದಿದಳು.

“ನಂದಲ್ಲ... ಟೀಚರೇ.”

“ಏನು ನಿಂದಲ್ಲ ಮೋಳೇ? ಹೆಸರು ನಿಂದೇ ಅಲ್ವಾ ಮಗಳೇ?”

“ಹೆಸರು... ಮಾತ್ರ.”

ಹನ್ನೊಂದನೇ ಪ್ರಶ್ನೆಯನ್ನು ಅವಳು ತೋರಿಸಿದಳು. ಸಾರ್ವಜನಿಕ ಆಡಳಿತ ಜನರಿಗೆ ಹತ್ತಿರವಾಗುವುದು ಹೇಗೆ? ಪುಸ್ತಕದ ಐದು ಅಂಶಗಳು, ಮುದ್ದಾದ ಅಕ್ಷರದಲ್ಲಿ, ಒಂದರ ಕೆಳಗೊಂದು. ಅವಳು ಹೇಳಿದ್ದು ಬೇರೆ. ನಮ್ಮೂರ ವಿಲೇಜ್ ಆಫೀಸು ಮಹಡಿಯ ಮೇಲಿದೆ. ಆದಾಯ ಸರ್ಟಿಫಿಕೇಟಿಗೆ ಅವಳನ್ನೇ ಕರೆದುಕೊಂಡು ಬನ್ನಿ ಎಂದರಂತೆ. ಅವಳಪ್ಪ ಇಪ್ಪತ್ತೆರಡು ಮೆಟ್ಟಿಲು ಅವಳನ್ನು ಹೊತ್ತುಕೊಂಡು ಹತ್ತಿ, ಸೊಂಟ ಹಿಡಿದು ಎರಡು ದಿನ ಮಲಗಿದ. ಆಡಳಿತ ಹತ್ತಿರವಾಗಬೇಕಾದರೆ ಮೊದಲು ಮೆಟ್ಟಿಲು ಇಳಿದು ಬರಬೇಕು. ಇದು ಅವಳ ಉತ್ತರ. ಪತ್ರಿಕೆಯಲ್ಲಿ ಅದರ ಒಂದಕ್ಷರವೂ ಇರಲಿಲ್ಲ.

ಕೈ ಆಡದ ಮಕ್ಕಳಿಗೆ ಪರೀಕ್ಷೆ ಬರೆದುಕೊಡಲು ಕೆಳಗಿನ ತರಗತಿಯ ಒಬ್ಬರನ್ನು ಕೊಡುತ್ತಾರೆ. ಇವರು ಹೇಳಬೇಕು, ಅವರು ಬರೆಯಬೇಕು, ಅಷ್ಟೇ ನಿಯಮ. ನಮ್ಮ ಕಡೆ ನಿಯಮಕ್ಕಿಂತ ಕರುಣೆ ದೊಡ್ಡದು. ಒಂಬತ್ತನೆಯಲ್ಲಿ ಎಲ್ಲರಿಗಿಂತ ಜಾಣೆಯನ್ನು ಹುಡುಕಿ, ಹತ್ತನೆಯ ಪಾಠವನ್ನೂ ಉರುಹೊಡೆಸಿ, ಪಕ್ಕದಲ್ಲಿ ಕೂರಿಸುತ್ತಾರೆ. ಪಾಪದ ಮಗು ಪಾಸಾಗಲಿ ಅಂತ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಸುಹೈಲಾಳಿಗೆ ಸಿಕ್ಕಿದವಳು ಅನಘಾ. ಆ ಹುಡುಗಿಯನ್ನು ಕರೆದು ಕೇಳಿದೆ.

“ಅವಳು ಹೇಳಿದ್ದು ಯಾಕೆ ಬರೀಲಿಲ್ಲ?”

“ಅವ್ಳು ಒಂದು ವಾಕ್ಯ ಮುಗಿಸೋದ್ರಲ್ಲಿ ನಾನು ಒಂದು ಪುಟ ಬರೀತೀನಿ ಟೀಚರ್. ಕಾಯ್ತಾ ಕೂತ್ರೆ ಆಗಲ್ಲ ಅಂದ್ರು ಮಾಷ್. ಅವ್ಳ ಕಡೆ ನೋಡ್ಲೇಬೇಡ ಅಂದ್ರು.”

ಹುಡುಗಿ ನಿಜವನ್ನೇ ಹೇಳಿದಳು. ನಾನು ನೇರ ಹೆಡ್‌ಮಾಷ್ ಕೋಣೆಗೆ ನುಗ್ಗಿದೆ.

“ಕೂತ್ಕೊಳ್ಳಿ ಟೀಚರೇ, ಚಹಾ ಕುಡೀರಿ,” ಎಂದರು ದಿವಾಕರನ್ ಮಾಷ್. ಕೆಟ್ಟ ಮನುಷ್ಯ ಅಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭ.

“ಚಹಾ ಬೇಡ. ಅವಳು ಹೇಳಿದ್ದು ಬರೆಸಿ ಸಾಕು.”

“ಬರೆಸಿದ್ರೆ ಅರ್ಧ ಪತ್ರಿಕೆ ಮುಗಿಯಲ್ಲ. ಫೇಲಾಗ್ತಾಳೆ. ಆಗ ಅವಳ ಉಮ್ಮನ ಮುಂದೆ ನೀವು ಹೋಗಿ ನಿಲ್ತೀರಾ?”

“ಫೇಲಾದ್ರೆ ಅವಳದೇ ಫೇಲು. ಈಗ ಪಾಸು ಯಾರದು?”

“ದೊಡ್ಡ ಮಾತು ಬೇಡ. ವಿಜೇಶನಿಗೆ ಇಲ್ಲೇ ಕೂತು ಪಾಠ ಹೇಳಿಕೊಟ್ಟು ಬರೆಸಿದವರು ಯಾರು? ಬರೆದ ಹುಡುಗನಿಗೆ ಬಿರಿಯಾನಿ ತಂದು ಕೊಟ್ಟವರು ಯಾರು? ಆಗ ನಿಮ್ಮ ಧರ್ಮ ಎಲ್ಲಿಗೆ ಹೋಗಿತ್ತು?”

ಬಿರಿಯಾನಿ ತಂದವಳು ನಾನೇ. ನಾಲ್ಕು ವರ್ಷದ ಹಿಂದೆ ವಿಜೇಶನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಕಲಿಸಲು ಬೇಕಿದ್ದ ಹೊತ್ತನ್ನೆಲ್ಲ ನಾನು ಅವನ ಬದಲು ಬರೆಯುವವನಿಗೆ ಕೊಟ್ಟೆ. ವಿಜೇಶ ಎಂಟು ಎ ಪ್ಲಸ್ ತೆಗೆದ, ಫ್ಲೆಕ್ಸಿನಲ್ಲಿ ನಕ್ಕ. ಇವತ್ತಿಗೂ ಬಸ್ ನಿಲ್ದಾಣದಲ್ಲಿ ಬೋರ್ಡು ಓದಲಾರದೆ, ಸಿಕ್ಕಿದವರನ್ನೆಲ್ಲ ಇದು ಎಲ್ಲಿಗೆ ಹೋಗುವ ಬಸ್ಸು ಎಂದು ಕೇಳುತ್ತಾನೆ. “ಹತ್ತನೇ ಪಾಸಾದವನಿಗೆ ಓದೋಕೆ ಯಾಕೆ ಬರಲ್ಲ ಟೀಚರೇ?” ಎಂದು ಅವನಮ್ಮ ಒಮ್ಮೆ ನನ್ನ ಕೈ ಹಿಡಿದು ಕೇಳಿದಳು. ನಾನು ಬಸ್ಸು ಬಂತು ಎಂದು ಓಡಿದೆ.

“ಜೂನ್ ಬರ್ತಿದೆ ಟೀಚರೇ,” ಎಂದರು ಮಾಷ್. ಅಷ್ಟೇ ಹೇಳಿದರು.

ಸುಹೈಲಾಳ ಉಮ್ಮ ರುಖಿಯಾ ಕೂಡ ಮಾಷ್ ಪರವೇ ನಿಂತಳು. “ಯಾರು ಬರೆದ್ರೇನು ಟೀಚರೇ? ಹತ್ತು ದಾಟಿ ಪ್ಲಸ್ ವನ್‌ಗೆ ಸೀಟು ಸಿಕ್ಕಿದ್ರೆ ಇನ್ನೆರಡು ವರ್ಷ ಮನೆಯಿಂದ ಹೊರಗೆ ಬರ್ತಾಳೆ. ಇಲ್ದಿದ್ರೆ ಇದೇ ಜಗಲಿ, ಇದೇ ಗೋಡೆ. ನಿಮಗೆ ನ್ಯಾಯ ಬೇಕು, ನನಗೆ ಸೀಟು ಬೇಕು.” ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಒಬ್ಬ ತಾಯಿಗೆ ಇವೆರಡರಲ್ಲಿ ಒಂದನ್ನು ಆರಿಸಿಕೋ ಎನ್ನುವ ಈ ವ್ಯವಸ್ಥೆಯ ಮೇಲೆ ಮಾತ್ರ ಥೂ ಎಂದು ಉಗಿಯಬೇಕೆನ್ನಿಸಿತು.

ಮಾರ್ಚ್ ಬಂತು. ಸುಹೈಲಾಳನ್ನು ಪ್ರಯೋಗಾಲಯದ ಕೋಣೆಯಲ್ಲಿ ಬೇರೆಯಾಗಿ ಕೂರಿಸಿದರು. ಪಕ್ಕದಲ್ಲಿ ಅನಘಾ, ಎದುರಿಗೆ ಬೇರೆ ಶಾಲೆಯಿಂದ ಬಂದ ಮೇಲ್ವಿಚಾರಕರು. ನನಗೆ ಒಳಗೆ ಹೋಗುವ ಹಕ್ಕಿಲ್ಲ. ಭಾಷೆಗಳ ಪರೀಕ್ಷೆ ಮುಗಿಯುವವರೆಗೂ ನಾನು ವರಾಂಡದಲ್ಲಿ ನಿಂತು ಕಿಟಕಿಯಿಂದ ನೋಡಿದೆ. ಸುಹೈಲಾ ಬಾಯಿ ತೆರೆಯುವಷ್ಟರಲ್ಲಿ ಅನಘಾ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದಳು. ಹೊರಗೆ ಬಂದ ಸುಹೈಲಾ ನನ್ನನ್ನು ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಮಾಜ ವಿಜ್ಞಾನದ ದಿನ ಗಂಟೆ ಹೊಡೆದು ಅರ್ಧ ತಾಸಾಗಿರಬೇಕು. ಒಂದೊಂದೇ ಪದದ ಮೊದಲ ಹತ್ತು ಉತ್ತರಗಳನ್ನು ಸುಹೈಲಾ ಹೇಗೋ ತಾನೇ ಹೇಳಿ ಬರೆಸಿದ್ದಳು. ಒಳಗಿಂದ ಮೇಜು ಗುದ್ದುವ ಸದ್ದು ಕೇಳಿತು. ಧಡ್, ಧಡ್, ಧಡ್.

“ಇಲ್ಲ! ಬರೀಬೇಡ! ನಾ... ನು...”

“ಹೆದರಬೇಡ ಮೋಳೇ,” ಎನ್ನುತ್ತಿದ್ದರು ಮೇಲ್ವಿಚಾರಕರು, ಬೆಣ್ಣೆಯಂಥ ದನಿಯಲ್ಲಿ. “ಅವಳು ಎಲ್ಲ ಬರೀತಾಳೆ. ನೀನು ಸುಮ್ನೆ ಆರಾಮಾಗಿ ಕೂತ್ಕೋ. ಸ್ವಲ್ಪ ನೀರು ಕುಡೀತೀಯಾ?”

ಮಾಷ್ ಓಡಿ ಬಂದರು. “ಫಿಟ್ಸ್ ಇರಬೇಕು, ಉಮ್ಮನ್ನ ಕರೀರಿ,” ಎಂದರು. ಫಿಟ್ಸ್! ಹದಿನಾರು ವರ್ಷದ ಹುಡುಗಿ ತನ್ನ ಮಾತು ತನಗೆ ಬೇಕು ಎಂದರೆ ಇವರಿಗೆ ಅದು ಕಾಯಿಲೆ. ನನ್ನ ತಲೆಯಲ್ಲಿ ಏನೋ ಕಡಿದುಹೋಯಿತು. ಜೂನೂ ಇಲ್ಲ, ಗುತ್ತಿಗೆಯೂ ಇಲ್ಲ, ಬಾಗಿಲು ತಳ್ಳಿ ಒಳಗೆ ಹೋದೆ.

“ಅವಳಿಗೆ ಏನೂ ಆಗಿಲ್ಲ. ಸಿಟ್ಟು ಬಂದಿದೆ. ಅನಘಾ, ಅವಳು ಹೇಳಿದ್ದು ಬರೀ. ಹೇಳೋ ತನಕ ಪೆನ್ನು ಎತ್ತಬೇಡ.”

“ಟೀಚರ್ ಹೊರಗೆ ಹೋಗಿ! ಪರೀಕ್ಷಾ ಕೊಠಡಿ ಇದು!” ಎಂದು ಮಾಷ್ ಕೂಗಿದರು.

“ಪರೀಕ್ಷೆ ಯಾರದು ಮಾಷೇ? ಹಾಲ್ ಟಿಕೆಟ್ ತೆಗೆದು ಹೆಸರು ಓದಿ.”

ಮೇಲ್ವಿಚಾರಕರು ಮಾಷ್ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಸುಹೈಲಾಳ ಮುಖ ನೋಡಿದರು. ಅವಳ ಕಡೆ ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ. ಅನಘಾ ಅಳುತ್ತಾ, ಆಗಲೇ ಬರೆದಿದ್ದ ಹನ್ನೊಂದನೇ ಉತ್ತರದ ಮೇಲೆ ಉದ್ದಕ್ಕೆ ಗೀಟು ಹೊಡೆದಳು. ಸಾಲು ಸಾಲಿಗೂ ಹೊಡೆದಳು. ಮಾಡೆಲ್ ಪರೀಕ್ಷೆಯ ಪ್ರಶ್ನೆಯೇ ಮತ್ತೆ ಬಂದಿತ್ತು. ಆಮೇಲೆ ಪೆನ್ನು ಹಿಡಿದು ಕಾದಳು.

“ನಮ್ಮೂರ... ವಿಲೇಜ್... ಆಫೀಸಿಗೆ...” ಎಂದು ಸುಹೈಲಾ ಶುರು ಮಾಡಿದ್ದನ್ನು ಕೇಳಿಯೇ ನಾನು ಹೊರಗೆ ಬಂದೆ.

ಮಾಷ್ ನನ್ನ ಮೇಲೆ ದೂರು ಬರೆಯಲಿಲ್ಲ. ಬರೆದಿದ್ದರೆ ಉಳಿದದ್ದನ್ನೂ ಬರೆಯಬೇಕಾಗುತ್ತಿತ್ತು. ಆ ದಿನದ ಪತ್ರಿಕೆ ಅರ್ಧಕ್ಕೇ ನಿಂತಿತು. ಆಮೇಲಿನ ಪರೀಕ್ಷೆಗಳಲ್ಲೂ ಸುಹೈಲಾ ಹೇಳಿದಳು, ಅನಘಾ ಕಾದು ಬರೆದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸುಹೈಲಾ ಪಾಸು. ಸಮಾಜ ವಿಜ್ಞಾನದಲ್ಲಂತೂ ಅಂಚಿನಲ್ಲಿ ದಾಟಿದ್ದಳು, ಕಡೆಯ ದರ್ಜೆ. ಮಾಷ್ ಬೀರುವಿನ ಮೇಲಿನ ಸುರುಳಿ ಬಿಚ್ಚಿದರು, ಗೇಟಿನಲ್ಲಿ ಫ್ಲೆಕ್ಸ್ ಏರಿತು. ಅವಳ ಫೋಟೊಗೆ ಎಲ್ಲರಿಗಿಂತ ದೊಡ್ಡ ಚೌಕ, ಕೆಳಗೆ ‘ಛಲಗಾತಿ’ ಎಂದು ಬರೆಸಿದ್ದರು. ಫಿಟ್ಸ್ ಎಂದ ಬಾಯೇ ಛಲಗಾತಿ ಎಂದಿತ್ತು.

ಎಲ್ಲರೂ ಅಂಕ ಹೆಚ್ಚಿಸಿಕೊಳ್ಳಲು ಉತ್ತರ ಪತ್ರಿಕೆಯ ನಕಲು ತರಿಸುತ್ತಾರೆ. ಸುಹೈಲಾ ತನ್ನ ಮಾತು ನೋಡಬೇಕೆಂದು ತರಿಸಿದಳು. ಇವತ್ತು ಮಧ್ಯಾಹ್ನ ಅದು ಬಂತು. ಅವಳ ಮನೆಯ ಜಗಲಿಯಲ್ಲಿ ಕೂತು ಪುಟ ತಿರುಗಿಸಿದೆವು. ರುಖಿಯಾ ಸುಲೈಮಾನಿ ಚಹಾ ತಂದಿಟ್ಟು ಪಕ್ಕದಲ್ಲೇ ಕೂತಳು.

ಹನ್ನೊಂದನೇ ಉತ್ತರ. ಗೀಟು ಹೊಡೆದ ಐದು ಅಂಶಗಳು. ಅದರ ಪಕ್ಕದಲ್ಲಿ ಸರಿ ಗುರುತು, ನಾಲ್ಕಕ್ಕೆ ನಾಲ್ಕು. ನಮ್ಮ ಕಡೆ ಮೌಲ್ಯಮಾಪನ ಮಾಡುವವರೂ ಕರುಣಾಳುಗಳು. ಹೊಡೆದುಹಾಕಿದ್ದು ಸರಿಯಿದ್ದರೆ ಪಾಪ ಎಂದು ಅದಕ್ಕೂ ಕೊಡುತ್ತಾರೆ. ಕೆಳಗೆ ಅನಘಾಳ ಅಕ್ಷರದಲ್ಲಿ ಸುಹೈಲಾಳ ಮಾತು, ಅವಳಪ್ಪ, ಇಪ್ಪತ್ತೆರಡು ಮೆಟ್ಟಿಲು, ಎಲ್ಲವೂ ಇತ್ತು. ಅದರ ಮೇಲೆ ಉದ್ದಕ್ಕೊಂದು ಕೆಂಪು ಅಡ್ಡಗೀಟು. ಅಂಕ ಇಲ್ಲ. ಓದಿದ ಗುರುತೂ ಇಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಬ್ಬನೇ ಒಬ್ಬನಿಗೆ, ಒಂದೇ ಒಂದು ಸಲ, ಈ ಹುಡುಗಿ ಹೇಳಿದ್ದನ್ನು ಓದುವ ಪುರುಸೊತ್ತು ಬೇಡವೇ?

ರುಖಿಯಾ ಅದನ್ನು ತನ್ನ ಕೈಗೆ ತೆಗೆದುಕೊಂಡು ತುಟಿ ಅಲ್ಲಾಡಿಸುತ್ತಾ ಓದಿದಳು. “ಇಪ್ಪತ್ತೆರಡು ಎಣಿಸಿದ್ದೀಯೇನೇ ನೀನು?” ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಮರುಮೌಲ್ಯಮಾಪನಕ್ಕೆ... ಹಾಕಿ,” ಎಂದಳು ಸುಹೈಲಾ.

“ಹಾಕೋಣ,” ಎಂದೆ. “ಇನ್ನೂ ಎರಡೋ ಮೂರೋ ಸಿಕ್ಕೇ ಸಿಗುತ್ತೆ.”

“ಅಲ್ಲ. ಆ ನಾಲ್ಕು... ತೆಗೀಲಿ. ನಂದಕ್ಕೆ... ಎಷ್ಟೋ... ಅಷ್ಟು.”

ನಾನು ಲೆಕ್ಕ ಹಾಕಿದೆ. ಪಾಸಿಗೆ ಇಪ್ಪತ್ತನಾಲ್ಕು ಬೇಕು, ಅವಳಿಗೆ ಬಂದಿರುವುದು ಇಪ್ಪತ್ತಾರು. ನಾಲ್ಕು ಕಳೆದರೆ ಇಪ್ಪತ್ತೆರಡು. ಅವಳ ಮಾತಿಗೆ ಎರಡು ಅಂಕವಾದರೂ ಸಿಗದಿದ್ದರೆ ಫೇಲು, ಪ್ಲಸ್ ವನ್ ಸೀಟೂ ಹೋಯಿತು. ನೂರಕ್ಕೆ ನೂರೂ ಹೋಯಿತು, ಅದು ಹೋದರೆ ಹೋಗಲಿ. ರುಖಿಯಾ ಮಗಳ ಮುಖ ನೋಡಿದಳು. “ಹಾಕಿ ಟೀಚರೇ,” ಎಂದಳು. “ಅವಳಪ್ಪ ಹೊತ್ತದ್ದಕ್ಕೆ ಎಷ್ಟು ಕೊಡ್ತಾರೋ ನಾನೂ ನೋಡ್ತೀನಿ.”

ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಇತ್ತು. ಅಡಿಯಲ್ಲಿ ಹೆಡ್‌ಮಾಷ್ ಸಹಿ ಬೇಕು. ನನಗೆ ಕೈ ತುರಿಸುತ್ತಿತ್ತು. ಹದಿನಾಲ್ಕು ವರ್ಷದ ಸಿಟ್ಟನ್ನೆಲ್ಲ ಕೂಡಿಸಿ ಬರೆಯತೊಡಗಿದೆ. ‘ಮೌಲ್ಯಮಾಪನದಲ್ಲಿ ನಡೆದಿರುವ ಗಂಭೀರ ಲೋಪವು ವಿದ್ಯಾರ್ಥಿನಿಯ ಮೂಲಭೂತ ಹಕ್ಕನ್ನು...’

ಧಡ್ ಎಂದು ಸುಹೈಲಾಳ ಮುಷ್ಟಿ ಕಾಗದದ ಮೇಲೆ ಬಿತ್ತು.

“ಟೀಚರೂ... ಹಾಗೇನಾ?”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳಿನ್ನೂ ಬಾಯಿಯೇ ತೆರೆದಿರಲಿಲ್ಲ. ನಾನು ಆಗಲೇ ಒಂದೂವರೆ ಸಾಲು ಬರೆದು ಮುಗಿಸಿದ್ದೆ. ಅನಘಾಳಿಗೆ ಬುದ್ಧಿ ಹೇಳಿದ ಅದೇ ನಾನು.

ಬರೆದದ್ದಕ್ಕೆ ಗೀಟು ಹೊಡೆದೆ. ಪೆನ್ನನ್ನು ಮೇಲೆತ್ತಿ ಹಿಡಿದು ಕಾದೆ. ಅವಳು ಉಸಿರು ಕೂಡಿಸಿಕೊಂಡಳು. ಒಂದು ಪದ ಬಂತು. ಸುಲೈಮಾನಿ ಆರಿತು. ಇನ್ನೊಂದು ಪದ ಬಂತು. ಮಧ್ಯದಲ್ಲಿ ಎರಡು ಸಲ ನನ್ನ ನಾಲಿಗೆಯ ತುದಿಗೆ ಅವಳ ವಾಕ್ಯದ ಬಾಲ ಬಂದಿತ್ತು. ನುಂಗಿಕೊಂಡೆ. ಬರೆದದ್ದು ಮೂರೇ ಸಾಲು. ಅವಳಿಗೆ ಓದಿ ಹೇಳಿದೆ.

‘ಗೀಟು ಹೊಡೆದದ್ದು ನನ್ನದಲ್ಲ. ಅದರ ಅಂಕ ಬೇಡ. ಕೆಳಗಿರುವುದು ನಾನು ಹೇಳಿದ್ದು, ಅದನ್ನು ಓದಿ.’

“ಸರಿ,” ಎಂದಳು ಸುಹೈಲಾ.

ನಾಳೆ ಹತ್ತು ಗಂಟೆಗೆ ಈ ಕಾಗದಕ್ಕೆ ದಿವಾಕರನ್ ಮಾಷ್ ಸಹಿ ಹಾಕಬೇಕು. ಜೂನ್ ಬರ್ತಿದೆ ಎಂದು ಇನ್ನೊಮ್ಮೆ ಹೇಳುತ್ತಾರೆ, ಹೇಳಲಿ. ಮಾತಾಡುವವಳು ಸುಹೈಲಾ. ಅವಳು ಮುಗಿಸುವವರೆಗೆ ಮಾಷ್ ಕುರ್ಚಿ ಬಿಟ್ಟು ಏಳದ ಹಾಗೆ ಬಾಗಿಲಲ್ಲಿ ನಿಲ್ಲುವವಳು ನಾನು.