ಇಪ್ಪತ್ತನಾಲ್ಕು ಇಂಚಿನ ಬಾಟಮ್

ಬೆಲ್ ಬಾಟಮ್ ಕಂಡುಹಿಡಿದ ಪುಣ್ಯಾತ್ಮ ಯಾರೋ, ಕೃಷ್ಣರಾಜನ ಮಟ್ಟಿಗೆ ಅವನೇ ದೇವರು. ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ಅವನ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ಸಣಕಲು ಮಾಡಿ ಹೋಗಿತ್ತು. ಅಪ್ಪ ಮಂಜಯ್ಯನವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಉಡುಪಿಯಿಂದ ಕಲ್ಕತ್ತೆಗೆ ಬಂದಾಗ ಅವನಿಗೆ ಹದಿನಾಲ್ಕು. ಸ್ವಲ್ಪ ಕುಂಟುವುದೇಕೆ ಎಂದು ಕೇಳಿದ ಹೊಸ ಶಾಲೆಯ ಹುಡುಗರಿಗೆ "ಫುಟ್‌ಬಾಲ್ ಪೆಟ್ಟು" ಎಂದು ಬುರುಡೆ ಬಿಟ್ಟ. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಊರು. ಮರುದಿನದಿಂದಲೇ ಅವನಿಗೆ ಮರ್ಯಾದೆ ಸಿಕ್ಕಿತು. ಉಳಿದದ್ದನ್ನು ಇಪ್ಪತ್ತನಾಲ್ಕು ಇಂಚಿನ ಬಾಟಮ್ ಮುಚ್ಚಿಕೊಂಡಿತು.

ವರ್ಷಕ್ಕೊಮ್ಮೆ ಪಕ್ಕದ ಹುಡುಗಿಯರ ಶಾಲೆಯವರು 'ಸೋಶಿಯಲ್' ಎಂದು ಕರೆಯುತ್ತಿದ್ದರು. ಎರಡೂ ಶಾಲೆಯ ಮಕ್ಕಳು ಟೀಚರುಗಳ ಕಣ್ಣೆದುರಿಗೇ ಕುಣಿಯುವ ಕೂಟ ಅದು. ಹೋದ ವರ್ಷ ಅಲ್ಲಿ ಅವನು ಇಂದಿರಾ ಎಂಬ ಹುಡುಗಿಯ ಜೊತೆ ಎರಡು ಹಾಡಿಗೆ ಕುಣಿದಿದ್ದ. ಡಿಸ್ಕೋಗೆ ಕಾಲು ಅಷ್ಟೇನೂ ಬೇಡ. ಸೊಂಟ, ಕೈ, ಒಂದಿಷ್ಟು ಭಂಡಧೈರ್ಯ ಇದ್ದರೆ ಸಾಕು. "ಮುಂದಿನ ಸಲವೂ ನನ್ನ ಜೊತೆಗೇ" ಎಂದಿದ್ದಳು. ಆ ಒಂದು ಮಾತನ್ನು ಅವನು ವರ್ಷವಿಡೀ ಜೋಪಾನ ಮಾಡಿದ್ದ.

ಎಂಬತ್ತೆರಡನೆಯ ಇಸವಿ ಬರುವಷ್ಟರಲ್ಲಿ ಫ್ಯಾಶನ್ ಎಂಬ ಹಾಳಾದ್ದು ಮಗ್ಗುಲು ಬದಲಿಸಿತು. ಎಲ್ಲರ ಕಾಲಿಗೂ ಮೈಗಂಟುವ ಪೈಪ್ ಪ್ಯಾಂಟು ಬಂತು. "ಕ್ರಿಸ್, ಆ ಪೊರಕೆ ಹಾಕ್ಕೊಂಡು ಬಂದ್ರೆ ಗೇಟಲ್ಲೇ ನಿಲ್ಲಿಸ್ತೀವಿ" ಎಂದು ಗೆಳೆಯ ದೇವೇಂದ್ರ ನಕ್ಕ. ಶಾಲೆಯಲ್ಲಿ ಕ್ರಿಸ್ ಆಗಿದ್ದ ಕೃಷ್ಣರಾಜನೂ ನಕ್ಕ. ಹೋಗದಿದ್ದರೆ ಇಂದಿರಾ ಇನ್ನೊಬ್ಬನ ಜೊತೆ ಕುಣಿಯುತ್ತಾಳೆ. ಹೋದರೆ ಕಾಲು ಕಾಣುತ್ತದೆ. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಗರಿಯಾಹಾಟ್ ಪೇಟೆಯ ದರ್ಜಿಯ ಬಳಿ ಹೋಗಿ ಬಾಟಮನ್ನು ಹದಿನಾಲ್ಕು ಇಂಚಿಗೆ ಇಳಿಸಿಕೊಂಡು ಬಂದ.

ಸೋಶಿಯಲ್ ದಿನ ಮಧ್ಯಾಹ್ನ ತಾಯಿ ಚಂದ್ರಾವತಿ ಕೋಣೆಗೆ ಬಂದರೆ, ಮಗ ಅವಳ ಹಳೆಯ ವಾಯಿಲ್ ಸೀರೆಯನ್ನು ಉದ್ದುದ್ದ ಹರಿದು ಸಣಕಲು ಕಾಲಿಗೆ ಸುತ್ತಿಕೊಳ್ಳುತ್ತಿದ್ದ. ಕೆಂಪು ಚುಕ್ಕೆಗಳ ಬಿಳಿ ಸೀರೆ.

"ಎಂತ ಮಾಡುದು ಇದು?"

"ಅಮ್ಮ, ಪ್ಲೀಸ್. ಎರಡೂ ಕಾಲು ಒಂದೇ ಥರ ಕಾಣ್ಬೇಕು."

"ಹೋಗ್ಲೇಬೇಕಾ ಮಾರಾಯ? ಆ ಹುಡುಗಿಗೆ ಇದ್ದದ್ದನ್ನು ಹೇಳಿದ್ರೆ ಎಂತ ಆಗ್ತದೆ?"

"ಸತ್ತೇ ಹೋಗ್ತೇನೆ."

ಹೆತ್ತವಳು ಇನ್ನೇನು ಮಾಡಿಯಾಳು? ನೆಲದ ಮೇಲೆ ಕುಳಿತು ತಾನೇ ಬಿಗಿಯಾಗಿ ಸುತ್ತಿ, ಕೊನೆಗೊಂದು ಗಟ್ಟಿ ಗಂಟು ಹಾಕಿದಳು. ಪ್ಯಾಂಟು ಏರಿಸಿದರೆ ಆ ಗಂಟು ಗೋಲಿಯ ಹಾಗೆ ಉಬ್ಬಿಕೊಂಡಿತು. ಅವಳು ಅಡುಗೆಮನೆಗೆ ಹೋದದ್ದೇ ತಡ, ಅವನು ಪ್ಯಾಂಟು ಕಳಚಿ, ಗಂಟು ಬಿಚ್ಚಿ, ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿಬಿಟ್ಟ.

ಹಾಲ್‌ನ ಕಿಟಕಿಗಳಿಗೆಲ್ಲ ಪರದೆ ಎಳೆದು ಬಣ್ಣದ ಬಲ್ಬು ಹಾಕಿದ್ದರು. ಇಂದಿರಾ ನೇರ ಅವನ ಬಳಿಗೇ ಬಂದಳು. ಮೊದಲ ಹಾಡು ಮುಗಿಯಿತು. ಅಂಥ ಸುಖವನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಎರಡನೆಯ ಹಾಡಿನ ನಡುವೆ ಕಾಲಿನೊಳಗೆ ಏನೋ ಸಡಿಲಾಯಿತು. ದೇವರೇ, ಇದೊಂದು ಹಾಡು ಮುಗಿಯಲಿ ಎಂದು ಬೇಡುತ್ತಾ ಅವನು ಕಾಲು ಕದಲಿಸದೆ ನಿಂತ. "ಇಷ್ಟು ಬೇಗ ಸುಸ್ತಾ?" ಎಂದು ಅವಳು ಕೈ ಹಿಡಿದು ಗಿರ್ರನೆ ತಿರುಗಿಸಿದಳು. ಪ್ಯಾಂಟಿನ ತುದಿಯಿಂದ ಬಟ್ಟೆ ಜಾರಿ ನೆಲದ ಮೇಲೆ ಮಾರುದ್ದ ಹರಡಿತು.

"ರಕ್ತ! ಹಾಡು ನಿಲ್ಸಿ!" ಇಂದಿರಾ ಕಿರುಚಿದಳು. ಮಂದ ಬೆಳಕಿನಲ್ಲಿ ಆ ಕೆಂಪು ಚುಕ್ಕೆಗಳು ಹಾಗೆಯೇ ಕಂಡವು.

"ಹಳೇ ಫುಟ್‌ಬಾಲ್ ಪೆಟ್ಟು ಸರ್! ಪಾಪ, ಬ್ಯಾಂಡೇಜ್ ಕಟ್ಕೊಂಡೇ ಬಂದಿದಾನೆ" ಎಂದು ದೇವೇಂದ್ರ ಲೆಕ್ಕದ ಮಾಸ್ತರರನ್ನು ಕರೆದುಕೊಂಡು ಓಡಿಬಂದ.

"ಏನಿಲ್ಲ ಸರ್, ಬಿಟ್ಬಿಡಿ, ಮನೆಗೆ ಹೋಗ್ತೀನಿ" ಎಂದು ಕೃಷ್ಣರಾಜ ಅಂಗಲಾಚಿದ. ಯಾರು ಕೇಳುತ್ತಾರೆ? ಉಪಕಾರ ಮಾಡಲು ಹೊರಟವರಷ್ಟು ಕಿವುಡರು ಬೇರೆ ಇಲ್ಲ. ಕುರ್ಚಿಯಲ್ಲಿ ಕೂರಿಸಿದರು, ಗಾಳಿ ಹಾಕಿದರು. ಇಂದಿರಾ ಅವನ ಕೈ ಹಿಡಿದುಕೊಂಡು ನಿಂತಳು. ಬಿಗಿ ಪ್ಯಾಂಟು ಮೇಲಕ್ಕೆ ಮಡಚಲು ಬರಲಿಲ್ಲ. ಲೆಕ್ಕದ ಮಾಸ್ತರರು ದೀಪ ಹಾಕಿಸಿ, ಕತ್ತರಿ ತರಿಸಿ, ಪ್ಯಾಂಟನ್ನು ಪಾದದಿಂದ ಮೊಣಕಾಲಿನವರೆಗೂ ಕತ್ತರಿಸಿಬಿಟ್ಟರು.

ಉಳಿದ ಸುತ್ತುಗಳೂ ಕಳಚಿ ಬಿದ್ದವು. ರಕ್ತವಿರಲಿಲ್ಲ. ಕಾಲು ಮಾತ್ರ ಇತ್ತು, ಎಲ್ಲರೂ ನೋಡುತ್ತಿದ್ದರು. ಇಂದಿರಾಳ ಹಿಡಿತ ಸಡಿಲವಾದದ್ದು ಅವನಿಗೆ ಗೊತ್ತಾಯಿತು.

"ಗಾಯ ಎಲ್ಲಪ್ಪಾ?" ಮಾಸ್ತರರು ಮೆಲ್ಲಗೆ ಕೇಳಿದರು.

ಅವನು ಮೊಣಕಾಲಿನ ಮೇಲೆ ಬೆರಳಿಟ್ಟು "ಇಲ್ಲಿ" ಎಂದ. ಅವರು ಅಲ್ಲಿ ಒತ್ತಿ ನೋಡಿದರು. ಚೂರೂ ನೋವಿರಲಿಲ್ಲ. "ಉರೀತಿದೆ ಸರ್" ಎಂದು ಸುಳ್ಳಿಗೇ ಅಳಲು ಶುರುಮಾಡಿದ. ಆಮೇಲೆ ನಿಲ್ಲಿಸಲು ಅವನಿಂದ ಆಗಲೇ ಇಲ್ಲ.