ಶೇರು ಏನು ತಿಂದಿತು?

೧.
ಈ ಕಥೆಯನ್ನು ನಾಯಿಯಿಂದ ಶುರುಮಾಡಬೇಕೋ ತಟ್ಟೆಯಿಂದಲೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಡೊಂಬಿವಲಿಯಿಂದ ಸಿಎಸ್‌ಟಿಗೆ ಹೋಗುವ ಮುಂಬೈ ಲೋಕಲ್ ರೈಲಿನಲ್ಲಿ, ನಿಂತೇ. ನಾಯಿಯಿಂದ ಶುರುಮಾಡಿದರೆ ನೀವು ಮೊದಲ ಸಾಲಿಗೇ ಅಯ್ಯೋ ಪಾಪ ಅನ್ನುತ್ತೀರಿ. ತಟ್ಟೆಯೇ ವಾಸಿ.

ಸ್ಟೀಲ್ ತಟ್ಟೆ. ನವಿ ಮುಂಬೈ, ನೆರೂಳಿನ ಒಂದು ಹೌಸಿಂಗ್ ಸೊಸೈಟಿ, ಮೂರನೇ ಮಹಡಿ, ೨೦೧೧. ತಟ್ಟೆ ಹಿಡಿದವರು ಉಡುಪಿ ಕಡೆಯ ರತ್ನಾವತಿ, ನಾನು ಕಟ್ಟಿದ ಪಾತ್ರ. ಅವರ ಮಗಳು ದಿಶಾ ಇವತ್ತು ಹನ್ನೆರಡನೇ ಕ್ಲಾಸು ಪಾಸಾಗಿದ್ದಾಳೆ. ತಟ್ಟೆಯ ಮುಂದೆ ಶೇರು ಎಂಬ ಕಂದು ನಾಯಿ. (ನಾಯಿಯ ಹೆಸರೊಂದನ್ನು ಮಾತ್ರ ನಾನು ಕಟ್ಟಿದ್ದಲ್ಲ. ಅದು ಈಗ ಬೇಡ.)

೨.
ಮೊದಲ ಡ್ರಾಫ್ಟಿನಲ್ಲಿ ಶೇರುವಿಗೆ ಈರುಳ್ಳಿ ಸಾಂಬಾರು ಕಲಸಿದ ಅನ್ನ ಹಾಕಿಸಿದೆ. ಅದು ಹಾಲ್‌ನಲ್ಲೇ ವಾಂತಿ ಮಾಡಿತು.

"ಅಲ್ಲ ಮಾರಾಯ್ರೆ, ನಾಯಿಗೆ ನೀರುಳ್ಳಿ ಹಾಕ್ತಾರಾ?" ಎಂದರು ರತ್ನಾವತಿ. "ಬರೆಯುವವರು ನೀವು, ನೆಲ ಒರೆಸುವವಳು ನಾನು."

ಎರಡನೆಯದರಲ್ಲಿ ಬಂಗಡೆ, ಮುಳ್ಳು ಸಮೇತ. ಅದನ್ನು ಅವರು ಬರೆಯಲಿಕ್ಕೇ ಬಿಡಲಿಲ್ಲ. ಮೂರನೆಯದನ್ನು ನೆಟ್‌ನಲ್ಲಿ ಓದಿ ಬರೆದೆ: ಬೇಯಿಸಿದ ಕೋಳಿ, ಮೆತ್ತಗಿನ ಅನ್ನ, ಉಪ್ಪಿಲ್ಲ, ದಿನಕ್ಕೆರಡು ಹೊತ್ತು, ಅಳತೆಯಲ್ಲಿ. ಶೇರು ತಟ್ಟೆ ನೆಕ್ಕಿ ಮಲಗಿತು. ನಾಯಿ ಬದುಕಿತು, ಕಥೆ ಸತ್ತಿತು. (ಕೊಡಬಾರದ ತಿಂಡಿಗಳ ಪಟ್ಟಿಯೂ ಅಲ್ಲೇ ಇತ್ತು. ಅರ್ಧ ಓದಿ ಫೋನ್ ಜೇಬಿಗೆ ಹಾಕಿದೆ.)

೩.
(ಇದನ್ನು ಹೊಡೆದು ಹಾಕಿದ್ದೇನೆ. ಒಬ್ಬ ವಾಚ್‌ಮನ್ ಬಂದು ತತ್ವ ಹೇಳಲು ಶುರುಮಾಡಿದ್ದ.)

೪.
"ನನಗೊಂದು ಸಂಶಯ," ಎಂದರು ರತ್ನಾವತಿ. "ಮಗಳು ಪಾಸಾದ ದಿನ ಅಂತ ನೀವೇ ಬರ್ದಿದ್ದೀರಿ. ನಾನು ಪಾಯಸ ಮಾಡದೆ ಇರ್ತೇನಾ? ಮೂರು ಡ್ರಾಫ್ಟ್‌ನಲ್ಲೂ ಪಾಯಸವೇ ಇಲ್ಲ."

"ಮರೆತೆ."

"ಪಾಯಸ ಮರೆಯುವುದುಂಟಾ? ಎಂತದೋ ಮುಚ್ಚಿಡ್ತಾ ಇದ್ದೀರಿ ನೀವು."

ಪಾತ್ರಗಳಿಗೆ ಇಷ್ಟು ಸಲಿಗೆ ಕೊಡಬಾರದು. ಕೊಟ್ಟಾಯಿತು.

೫.
ಸರಿ. ಶೇರು ನನ್ನ ನಾಯಿ. ನನಗೆ ಪ್ರಮೋಷನ್ ಸಿಕ್ಕ ವಾರ ಮನೆಯಲ್ಲಿ ಶ್ಯಾವಿಗೆ ಪಾಯಸ. ನನಗೆ ಒಣದ್ರಾಕ್ಷಿ ಸೇರುವುದಿಲ್ಲ. ಹೆಕ್ಕಿ ತಟ್ಟೆಯಂಚಿಗೆ ಇಡುವುದು ಚಿಕ್ಕಂದಿನ ಅಭ್ಯಾಸ. ಆವತ್ತು ಮೂರು ಸಲ ಬಡಿಸಿಕೊಂಡೆ. ಹೆಕ್ಕಿದ್ದೆಲ್ಲ ಶೇರುವಿಗೆ, ನನ್ನ ಕೈಯಾರೆ. ಪಾತ್ರೆಯ ತಳದ್ದೂ ಸೇರಿ ಒಂದು ಹಿಡಿಗಿಂತ ಹೆಚ್ಚು. ಬಾಲ ಅಲ್ಲಾಡಿಸಿಕೊಂಡು ತಿಂದಿತು. ನನಗೂ ಖುಷಿಯಾಯಿತು.

ಮರುದಿನ ವಾಂತಿ. ಡಾಕ್ಟರು "ಕ್ಯಾ ಖಿಲಾಯಾ?", ಏನು ತಿನ್ನಿಸಿದಿರಿ, ಎಂದು ಮೂರು ಸಲ ಕೇಳಿದರು. ಹಿಂದಿನ ತಿಂಗಳಷ್ಟೇ, ಜಿಲೇಬಿ ತಿನ್ನಿಸಿದ್ದಕ್ಕೆ, ಅವರು ನನಗೆ ಎಲ್ಲರೆದುರು ಬೈದಿದ್ದರು. "ಚಪಾತಿ," ಎಂದೆ. ಮೂರು ಸಲವೂ ಚಪಾತಿ.

ದ್ರಾಕ್ಷಿ ನಾಯಿಗೆ ವಿಷವೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ಗೊತ್ತಿತ್ತು. ನಾಲ್ಕನೆಯ ದಿನ ಶೇರು ಹೋಯಿತು, ಕಿಡ್ನಿ ಫೇಲ್ ಆಗಿ. ಇವತ್ತಿಗೂ ನನಗೆ ಆ ಚಪಾತಿಯದೇ ನಾಚಿಕೆ.

೬.
ಮುಕ್ತಾಯ ಆರಿಸಿಕೊಳ್ಳಿ.

ಅ) ರತ್ನಾವತಿ ದ್ರಾಕ್ಷಿಯಿಲ್ಲದ ಪಾಯಸ ಮಾಡುತ್ತಾರೆ.

ಆ) ಶೇರು ದ್ರಾಕ್ಷಿ ಮೂಸಿ ಬಿಟ್ಟುಬಿಡುತ್ತದೆ. (ಸುಳ್ಳು. ಶೇರು ತಿನ್ನುವುದನ್ನು ಬಿಟ್ಟದ್ದೇ ಇಲ್ಲ.)

ಇ) ನಾನು ಈ ಕಥೆ ಬರೆಯುವುದಿಲ್ಲ.

"ಮೂರೂ ಬೇಡ," ಎಂದರು ರತ್ನಾವತಿ. "ದ್ರಾಕ್ಷಿ ಹಾಕಿಯೇ ಮಾಡಿದೆ. ದಿಶಾ ಹೆಕ್ಕಿ ಕೊಟ್ಟೂ ಆಯ್ತು, ನಾಯಿ ವಾಂತಿ ಮಾಡ್ತಾ ಉಂಟು. ಗೊತ್ತಿಲ್ಲದೆ ಕೊಟ್ಟದ್ದಕ್ಕೆ ನಾಚಿಕೆ ಎಂತದ್ದು? ಈಗ ನನ್ನನ್ನು ಡಾಕ್ಟರ ಹತ್ರ ಕಳಿಸಿ. ನಡುವೆ ಬಾಯಿ ಹಾಕ್ಬೇಡಿ."

ಕಳಿಸಿದೆ. ರಿಕ್ಷಾದಲ್ಲಿ ಶೇರು ಅವರ ಮಡಿಲಲ್ಲಿತ್ತು. ಕ್ಲಿನಿಕ್ಕಿನ ಬೆಂಚಿನ ಮೇಲೆ ನಾಲ್ಕು ಜನ ಕೂತು ನೋಡುತ್ತಿದ್ದರು. ನಾನು ಬಾಯಿ ಹಾಕಲಿಲ್ಲ.

"ಕ್ಯಾ ಖಿಲಾಯಾ?"

"ಖೀರ್, ಡಾಕ್ಟರ್ ಸಾಬ್. ಕಿಸ್‌ಮಿಸ್ ಡಾಲಾ ಥಾ. ಏಕ್ ಮುಠ್ಠಿ ಸೇ ಜ್ಯಾದಾ."

ಪಾಯಸ, ಒಣದ್ರಾಕ್ಷಿ, ಒಂದು ಹಿಡಿಗಿಂತ ಹೆಚ್ಚು: ಮೊದಲ ಸಲ ಕೇಳಿದಾಗಲೇ ಎಲ್ಲ ಹೇಳಿಬಿಟ್ಟರು.

ಡಾಕ್ಟರು ಬೈದರು. ಎಲ್ಲರೆದುರೇ, ಚೆನ್ನಾಗಿಯೇ ಬೈದರು. ಬೈಯುತ್ತಲೇ ಶೇರುವಿನ ಕಾಲು ಹಿಡಿದು ಸಲೈನಿನ ಸೂಜಿ ಚುಚ್ಚಿದರು.

ಇಲ್ಲಿ ಪೆನ್ನು ಕೆಳಗಿಡುತ್ತೇನೆ. ಇನ್ನೊಂದು ಸಾಲು ಬರೆದರೆ ನಾಲ್ಕನೆಯ ದಿನ ಬಂದುಬಿಡುತ್ತದೆ.